ಮಳವಳ್ಳಿ ನೀರು, ಸದಾಶಿವನಗರದ ನಲ್ಲಿ

ಬೆಂಗಳೂರಿನ ಸಿರಿವಂತರ ಕೆರೆದಂಡೆಯಲ್ಲಿ ಒಂದು ದಿನ ಸುತ್ತಿ ಬಂದರೆ ನಮ್ಮ ಜಿಲ್ಲೆಯವರಿಗೆ ಕಾಣುವುದೇನು?

ದಿನ ಬೆಳಗಾದರೆ ಮಂಡ್ಯ ಜಿಲ್ಲೆಯಿಂದ ಬೆಂಗಳೂರಿಗೆ ಹೊರಡುವವರಿಗೆ ಲೆಕ್ಕವಿಲ್ಲ. ಚಿಕ್ಕಪೇಟೆಯಿಂದ ಬಟ್ಟೆ ಗಂಟು ತರುವವರು, ಕೆ.ಆರ್. ಮಾರ್ಕೆಟ್ಟಿಗೆ ಎಳನೀರು, ಸೊಪ್ಪು ಹಾಕುವವರು, ಜಯದೇವ, ಕಿದ್ವಾಯಿ ಆಸ್ಪತ್ರೆಗೆ ಅಲೆಯುವವರು, ಒಂದು ರುಜುವಿಗಾಗಿ ವಿಧಾನಸೌಧದ ಕಂಬ ಸುತ್ತುವವರು ಎಲ್ಲರೂ ಇದ್ದಾರೆ. ಇವರಲ್ಲಿ ಸದಾಶಿವನಗರ ಕಂಡವರೆಷ್ಟು ಮಂದಿ? ಬೆರಳೆಣಿಕೆಯಷ್ಟು. 'ಅಲ್ಲಿ ನಮಗೇನಪ್ಪಾ ಕೆಲಸ?' ಎಂದು ಕೇಳಿದರೆ ತಪ್ಪಿಲ್ಲ. ನಮಗೆ ಕೆಲಸ ಇಲ್ಲದಿರಬಹುದು. ಆದರೆ ಮಳವಳ್ಳಿ ತಾಲ್ಲೂಕಿನಲ್ಲಿ ಎತ್ತಿದ ನೀರು ಅಲ್ಲಿಗೆ ಹೋಗುತ್ತಲೇ ಇದೆ. ನೀರು ಹೋದ ಕಡೆ ನೀರು ಕೊಟ್ಟವರೂ ಒಮ್ಮೆ ಹೋಗಿ ನೋಡಿ ಬರುವುದು ನ್ಯಾಯ.

ಸದಾಶಿವನಗರ ಎಂದರೆ ಬೆಂಗಳೂರಿನ ಭಾರಿ ಕುಳಗಳ ಬಡಾವಣೆ. ಒಂದು ಪಕ್ಕಕ್ಕೆ ಮಲ್ಲೇಶ್ವರ, ಇನ್ನೊಂದು ಪಕ್ಕಕ್ಕೆ ವಯ್ಯಾಲಿಕಾವಲ್, ನಡುವೆ ಸ್ಯಾಂಕಿ ಕೆರೆ. ಅಲ್ಲಿ ನಿವೇಶನದ ಬೆಲೆಯನ್ನು ಚದರಡಿಗೆ ಹತ್ತಾರು ಸಾವಿರ ರೂಪಾಯಿ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಕಾಲಕ್ಕೆ ಇದು ಮೈಸೂರು ಮಹಾರಾಜರ ಹಣ್ಣಿನ ತೋಟವಾಗಿತ್ತು. 'ಪ್ಯಾಲೇಸ್ ಆರ್ಚರ್ಡ್ಸ್' ಎಂಬ ಹೆಸರು ಈಗಲೂ ಕೆಲವು ವಿಳಾಸಗಳಲ್ಲಿ ಉಳಿದಿದೆ.

ದಾರಿಯುದ್ದಕ್ಕೂ ಪೈಪು

ಮಳವಳ್ಳಿಯಿಂದ ಹೊರಟವರಿಗೆ ಈ ಕಥೆ ಬಸ್ಸಿನಲ್ಲೇ ಶುರುವಾಗುತ್ತದೆ. ಹಲಗೂರು, ಸಾತನೂರು, ಕನಕಪುರ, ಹಾರೋಹಳ್ಳಿ ದಾಟಿ ಬಸ್ಸು ಬೆಂಗಳೂರು ಸೇರುತ್ತದೆ. ನೀರು ಕೂಡ ಹೆಚ್ಚೂಕಡಿಮೆ ಇದೇ ದಾರಿ ಹಿಡಿದು ಹೋಗುತ್ತದೆ. ಶಿವನಸಮುದ್ರದ ಹತ್ತಿರದ ಶಿವ ಅಣೆಕಟ್ಟೆಯಿಂದ ಬಂದ ಕಾವೇರಿ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಅಲ್ಲಿಂದ ಪಂಪು ಹಾಕಿ ಎತ್ತುತ್ತಾರೆ. ಹಾರೋಹಳ್ಳಿಯಲ್ಲಿ ಇನ್ನೊಂದು ಸಲ, ತಾತಗುಣಿಯಲ್ಲಿ ಮತ್ತೊಂದು ಸಲ ಎತ್ತುತ್ತಾರೆ. ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ. ನದಿ ಹರಿಯುವುದು ತಗ್ಗಿಗೆ, ಬೆಂಗಳೂರು ಕೂತಿರುವುದು ದಿಣ್ಣೆ ಮೇಲೆ. ಆದ್ದರಿಂದಲೇ ಇಷ್ಟೆಲ್ಲ ಪಂಪು, ಇಷ್ಟೆಲ್ಲ ಕರೆಂಟು.

ಕರೆಂಟಿನ ಮಾತು ಬಂತು. ಅದೂ ನಮ್ಮ ಕಡೆಯಿಂದಲೇ ಮೊದಲು ಹೋದದ್ದು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿತು. ನೀರು ಹೊರಟಿದ್ದು ಬಹಳ ತಡವಾಗಿ. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿ ನೀರು ತಂದುಕೊಂಡ ಬೆಂಗಳೂರಿಗೆ ಅದು ಸಾಲದಾಯಿತು. ಕಾವೇರಿ ಮೊದಲ ಹಂತದ ನೀರು ಮುಟ್ಟಿದ್ದು 1974ರಲ್ಲಿ. ಆಗ ದಿನಕ್ಕೆ 13 ಕೋಟಿ 50 ಲಕ್ಷ ಲೀಟರ್ ಅಷ್ಟೆ.

ಮಂಡ್ಯ, ಮದ್ದೂರಿನವರ ದಾರಿ ಬೇರೆ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲೋ, ಅದಕ್ಕೂ ಮುಂಚೆ ಕೆಂಗೇರಿಯಲ್ಲೋ ಇಳಿದು ಮೆಟ್ರೋ ಹಿಡಿದರೆ ಮೆಜೆಸ್ಟಿಕ್ಕು. ಮಳವಳ್ಳಿಯವರೂ ಮೆಜೆಸ್ಟಿಕ್ಕಿಗೆ ಬಂದರೆ ಅಲ್ಲಿಂದ ಎಲ್ಲರಿಗೂ ಒಂದೇ ದಾರಿ.

ಕೆರೆ ಮೇಲೆ ಬಸ್ ಸ್ಟ್ಯಾಂಡು

ಮೆಜೆಸ್ಟಿಕ್ಕಿನಲ್ಲಿ ಒಂದು ನಿಮಿಷ ನಿಲ್ಲಬೇಕು. ಬಸ್ಸು ಹುಡುಕುವ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ, ಕಾಲ ಕೆಳಗಿರುವುದು ಧರ್ಮಾಂಬುಧಿ ಕೆರೆ! ಹಳೇ ಬೆಂಗಳೂರು ಪೇಟೆಗೆ ನೀರು ಕೊಟ್ಟ ಕೆರೆ ಅದು. ಒಣಗಿತು, ಮುಚ್ಚಿತು, ಅದರ ಅಂಗಳದ ಮೇಲೆ ಕೆಂಪೇಗೌಡ ಬಸ್ ನಿಲ್ದಾಣ ಎದ್ದಿತು. ಆಟೋಟ ನಡೆಯುವ ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆ ಜಾಗದಲ್ಲಿ. ಪೈಪಿನಲ್ಲಿ ನೀರು ಬರತೊಡಗಿದ ಮೇಲೆ ಪಕ್ಕದ ಕೆರೆ ಯಾರಿಗೂ ಬೇಡವಾಯಿತು. ಬೆಂಗಳೂರಿನ ಕೆರೆಗಳ ಕಥೆಯೆಲ್ಲ ಬಹುಪಾಲು ಇಷ್ಟೇ.

ಹಾಗಾದರೆ ಸ್ಯಾಂಕಿ ಕೆರೆ ಹೇಗೆ ಉಳಿಯಿತು? ಅದನ್ನು ನೋಡುವುದಕ್ಕೇ ಈ ಪ್ರಯಾಣ.

ಮೆಜೆಸ್ಟಿಕ್ಕಿನಿಂದ ಮಲ್ಲೇಶ್ವರ 18ನೇ ಕ್ರಾಸಿನ ಸಿಟಿ ಬಸ್ಸು ಹತ್ತಿದರೆ ಅರ್ಧ ಗಂಟೆ, ಟ್ರಾಫಿಕ್ಕು ಮುನಿದರೆ ಮುಕ್ಕಾಲು ಗಂಟೆ. ಮಲ್ಲೇಶ್ವರವೂ ನೋಡತಕ್ಕ ಜಾಗ. 1898ರ ಪ್ಲೇಗಿನ ಮಾರಿಗೆ ಹೆದರಿ ಪೇಟೆ ಬಿಟ್ಟವರಿಗಾಗಿ ಬೆಳೆದ ಬಡಾವಣೆ. ಅಂಗಡಿ ಇಟ್ಟವರಿಗೆ 8ನೇ ಕ್ರಾಸು ನೋಡಿದರೆ ಕಣ್ಣು ತಣಿಯುತ್ತದೆ. ಹೂವು, ಹಣ್ಣು, ಸೀರೆ, ಪಾತ್ರೆ, ಗ್ರಂಥಿಗೆ ಸಾಮಾನು, ಕಾಲಿಡಲು ಜಾಗವಿಲ್ಲದ ವ್ಯಾಪಾರ. ಹೊಟ್ಟೆಗೆ ಏನಾದರೂ ಹಾಕಿಕೊಳ್ಳುವುದಿದ್ದರೆ ಇಲ್ಲೇ ಹಾಕಿಕೊಂಡು ಹೋಗುವುದು ಜಾಣತನ. ಮುಂದೆ ಹೋಟೆಲು ಹುಡುಕುವುದು ಕಷ್ಟ.

ಗಂಧದ ಕೋಠಿ ಕೆರೆ

18ನೇ ಕ್ರಾಸಿನಿಂದ ಸ್ವಲ್ಪ ನಡೆದರೆ ಸಾಕು, ಕೆರೆ ಸಿಕ್ಕಿತು. 1882ರಲ್ಲಿ ಕಟ್ಟಿದ್ದು. ಮೈಸೂರು ಸಂಸ್ಥಾನದ ಚೀಫ್ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಎಂಬ ದೊರೆಯ ಹೆಸರು ಅದಕ್ಕೆ. ಬೆಂಗಳೂರಿನ ಕೆಂಪು ಬಣ್ಣದ ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟು ಕಟ್ಟಡ, ಅದರ ಎದುರಿನ ಕಬ್ಬನ್ ಪಾರ್ಕು ಎರಡೂ ಇದೇ ದೊರೆಯ ಕಾಲದವು. 1876-78ರ ಮಹಾ ಬರದಲ್ಲಿ ಜನ ಹುಳುಗಳಂತೆ ಸತ್ತ ಮೇಲೆ, ಊರಿಗೆ ನೀರು ಬೇಕೆಂದು ಕಟ್ಟಿದ ಕೆರೆ ಇದು. ಪಕ್ಕದಲ್ಲಿ ಸರ್ಕಾರದ ಶ್ರೀಗಂಧದ ಕೋಠಿ ಇದ್ದುದರಿಂದ ಹಳಬರು ಇದನ್ನು ಗಂಧದ ಕೋಠಿ ಕೆರೆ ಎಂದೇ ಕರೆಯುತ್ತಿದ್ದರು.

ವಿಸ್ತೀರ್ಣ ಸುಮಾರು 37 ಎಕರೆ. ನಮ್ಮ ಕಡೆಯವರ ಕಣ್ಣಿಗೆ ಇದೇನೂ ದೊಡ್ಡ ಕೆರೆಯಲ್ಲ. ಆದರೆ ವ್ಯವಸ್ಥೆ ನೋಡಬೇಕು. ಸುತ್ತ ಕಬ್ಬಿಣದ ಗ್ರಿಲ್ಲು, ಗೇಟು, ಕಾವಲು, ಓಡಾಡಲು ಕಲ್ಲು ಹಾಸಿದ ದಾರಿ, ಕೂರಲು ಬೆಂಚು. ಗಣಪತಿ ಬಿಡಲು ಕೆರೆಗೆ ಅಂಟದ ಹಾಗೆ ಬೇರೆ ಕಲ್ಯಾಣಿ. ಬೆಳಿಗ್ಗೆ, ಸಂಜೆ ಹೋದರೆ ಸರಿ. ನಡುಹಗಲು ಹೋದವರು ಮುಚ್ಚಿದ ಗೇಟಿನ ಮುಂದೆ ನಿಂತುಕೊಳ್ಳಬೇಕಾದೀತು. 'ಕೆರೆಗೂ ಬೀಗವೇನ್ಲಾ!' ಎಂದು ಹಲಗೂರಿನ ಅಜ್ಜನೊಬ್ಬ ನೋಡಿದರೆ ಬಾಯಿಮೇಲೆ ಬೆರಳಿಟ್ಟಾನು.

ನಮ್ಮ ಕಡೆ ಕೆರೆ ಎಂದರೆ ದುಡಿಯುವ ಜಾಗ. ಎಮ್ಮೆ ಮೈ ತೊಳೆಯುವವರು, ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ತೂಬು ಎತ್ತಿಸಲು ನೀರುಗಂಟಿಯ ಹಿಂದೆ ಓಡುವವರು. ಸ್ಯಾಂಕಿ ಕೆರೆಯಲ್ಲಿ ಇವರ್ಯಾರೂ ಇಲ್ಲ. ಅದರ ನೀರನ್ನು ಕುಡಿಯುವವರಿಲ್ಲ, ಗದ್ದೆಗೆ ಕಟ್ಟುವವರಿಲ್ಲ. ಬಿಳಿ ಬೂಟು ಹಾಕಿಕೊಂಡ ಯಜಮಾನರು, ಅಮ್ಮಾವರುಗಳು ಕೈ ಬೀಸಿಕೊಂಡು ಸುತ್ತು ಹಾಕುತ್ತಾರೆ. ಸಕ್ಕರೆ ಕಾಯಿಲೆಗೆ ಡಾಕ್ಟರು ಬರೆದುಕೊಟ್ಟ ಔಷಧಿ ಅದು. ಕೊಕ್ಕರೆ, ನೀರುಕಾಗೆ ಅವುಗಳ ಪಾಡಿಗೆ ಮೀನು ಹಿಡಿಯುತ್ತವೆ. ಎದೆ ತಂಪಾಗುವ ಗಾಳಿ. ಯಾರಿಗಾದರೂ ಹಿಡಿಸುವ ಜಾಗ, ಸುಳ್ಳು ಹೇಳಬಾರದು.

ಅಂಗಡಿ ಇಲ್ಲದ ಬೀದಿ

ಕೆರೆ ದಾಟಿ ಒಳಗಿನ ರಸ್ತೆಗಳಿಗೆ ಹೊಕ್ಕರೆ ಸದ್ದಡಗುತ್ತದೆ. ಎರಡು ಪಕ್ಕ ಮರ, ಮರದ ಹಿಂದೆ ಆಳೆತ್ತರದ ಕಾಂಪೌಂಡು, ಕಾಂಪೌಂಡಿನ ಹಿಂದೆ ಎಲ್ಲೋ ಮನೆ. ಗೇಟಿಗೊಬ್ಬ ಕಾವಲುಗಾರ. ಮಾರುದ್ದ ನಡೆದರೂ ಒಂದು ಬೀಡಿ ಅಂಗಡಿ, ಒಂದು ಕಾಕಾ ಅಂಗಡಿ ಕಣ್ಣಿಗೆ ಬೀಳುವುದು ಅಪರೂಪ. ವ್ಯಾಪಾರವೆಲ್ಲ ದೊಡ್ಡ ರಸ್ತೆಯ ಮೇಲೆ, ಇಲ್ಲವೆ ಮಲ್ಲೇಶ್ವರದಲ್ಲಿ. ಅರ್ಧ ಲೀಟರ್ ಹಾಲಿಗೂ ಯಾರಾದರೂ ಆಳು ಹೋಗಿಬರಬೇಕು. ಹಗಲು ಹೊತ್ತು ಬೀದಿಯಲ್ಲಿ ಕಾಣುವವರು ಆ ಆಳುಗಳೇ. ಡ್ರೈವರು, ಮಾಲಿ, ಅಡುಗೆಯವರು, ನಾಯಿಗೆ ಸರಪಳಿ ಹಾಕಿ ಓಡಾಡಿಸುವ ಹುಡುಗ. ಇಂಥವರಲ್ಲಿ ಹಳ್ಳಿ ಬಿಟ್ಟು ಬಂದವರೇ ಹೆಚ್ಚು. ಬಡಾವಣೆಯನ್ನು ದಿನವೂ ನಡೆಸುವವರು ಇವರೇ. ಸಂಜೆ ಇವರೂ ಸಿಟಿ ಬಸ್ಸು ಹತ್ತಿ ತಮ್ಮ ತಮ್ಮ ವಠಾರಕ್ಕೆ ಹೋಗುತ್ತಾರೆ.

ಇಂಥ ಬಡಾವಣೆಗೆ ಇಟ್ಟಿರುವ ಹೆಸರು ಯಾರದು ಗೊತ್ತೆ? ಕಾರ್ನಾಡು ಸದಾಶಿವರಾಯರದು. 1881ರಲ್ಲಿ ಹುಟ್ಟಿದ ಮಂಗಳೂರಿನ ವಕೀಲರು. ಬೇಕಾದಷ್ಟು ಆಸ್ತಿ ಇದ್ದ ಮನೆತನ. ಗಾಂಧೀಜಿಯ ಹಿಂದೆ ಹೋದರು, ಹೆಂಗಸರ ಏಳಿಗೆಗೆ, ಬಡಬಗ್ಗರಿಗೆ, ಚಳವಳಿಗೆ ಎಂದು ಇದ್ದದ್ದನ್ನೆಲ್ಲ ಕೊಟ್ಟರು, ಜೈಲು ಕಂಡರು. 1937ರಲ್ಲಿ ಮುಂಬಯಿಯಲ್ಲಿ ತೀರಿಕೊಂಡಾಗ ಅವರ ಕೈಯಲ್ಲಿ ಕಾಸಿರಲಿಲ್ಲ. ಎಲ್ಲ ಕೊಟ್ಟು ಬರಿಗೈಯಲ್ಲಿ ಹೋದವರ ಹೆಸರು ಎಲ್ಲ ಇರುವವರ ಬಡಾವಣೆಗೆ ಬಿತ್ತು. ಅಲ್ಲಿ ಮನೆ ಕಟ್ಟಿದವರಲ್ಲಿ ಎಷ್ಟು ಜನಕ್ಕೆ ಈ ಕಥೆ ಗೊತ್ತೋ!

ಸೋಮನಹಳ್ಳಿಯವರ ಮನೆ

ನಮ್ಮ ಜಿಲ್ಲೆಗೆ ಈ ಬಡಾವಣೆಯಲ್ಲಿ ನೆಂಟಸ್ತನವೇ ಇಲ್ಲ ಎನ್ನುವಂತಿಲ್ಲ. ಮದ್ದೂರು ತಾಲ್ಲೂಕು ಸೋಮನಹಳ್ಳಿಯಲ್ಲಿ 1932ರಲ್ಲಿ ಹುಟ್ಟಿದ ಎಸ್.ಎಂ. ಕೃಷ್ಣ ಅವರ ಮನೆ ಇದ್ದದ್ದು ಸದಾಶಿವನಗರದಲ್ಲೇ. 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ಗೆದ್ದು ಶಾಸನಸಭೆ ಹೊಕ್ಕವರು, 1999ರಿಂದ 2004ರವರೆಗೆ ಮುಖ್ಯಮಂತ್ರಿಗಳಾಗಿದ್ದವರು. ಅವರ ಕಾಲದಲ್ಲೇ, 2002ರಲ್ಲಿ, ಕಾವೇರಿ ಗಲಾಟೆ ಜೋರಾಗಿ, ಮುಖ್ಯಮಂತ್ರಿಯಾಗಿದ್ದವರೇ ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟಿದ್ದು ಹಳಬರಿಗೆ ನೆನಪಿದೆ. ಒಂದು ಕಡೆ ಕಬ್ಬು, ಭತ್ತ ಒಣಗುತ್ತಿರುವ ಹುಟ್ಟೂರು, ಇನ್ನೊಂದು ಕಡೆ ನೀರು ಬೇಡುವ ರಾಜಧಾನಿ, ಮೇಲೆ ಸುಪ್ರೀಂ ಕೋರ್ಟು. ಆ ಇಕ್ಕಟ್ಟು ಒಬ್ಬ ಮನುಷ್ಯನದ್ದಾಗಿರಲಿಲ್ಲ, ಇಡೀ ಜಿಲ್ಲೆಯದ್ದಾಗಿತ್ತು.

2024ರ ಡಿಸೆಂಬರ್ 10ರಂದು ಕೃಷ್ಣ ಅವರು ತೀರಿಕೊಂಡದ್ದು ಸದಾಶಿವನಗರದ ಮನೆಯಲ್ಲಿ. ಮಾರನೆಯ ದಿನ ಅಂತ್ಯಕ್ರಿಯೆ ನಡೆದದ್ದು ಸೋಮನಹಳ್ಳಿಯಲ್ಲಿ.

ವರನಟ ರಾಜಕುಮಾರ್ ಅವರ ಮನೆ ಇದ್ದದ್ದೂ ಇದೇ ಬಡಾವಣೆಯಲ್ಲಿ. 2006ರ ಏಪ್ರಿಲ್ 12ರಂದು ಅವರು ಹೋದ ಸುದ್ದಿ ಕೇಳಿ ನಾಡಿನ ಮೂಲೆಮೂಲೆಯಿಂದ ಜನ ಓಡಿಬಂದರು. ಬೇರೆ ದಿನಗಳಲ್ಲಿ ನಮ್ಮ ಕಡೆಯವರಿಗೆ ಈ ಬೀದಿಗಳ ದಾರಿ ಕೇಳುವ ಕಾರಣವೇ ಇರಲಿಲ್ಲ.

ಲೀಟರಿನ ಲೆಕ್ಕ

ಸುತ್ತಿ ಸಾಕಾಯಿತು. ಮರದ ನೆರಳಲ್ಲಿ ಕೂತು ಲೆಕ್ಕ ಹಾಕೋಣ. 1974ರಲ್ಲಿ ದಿನಕ್ಕೆ 13 ಕೋಟಿ 50 ಲಕ್ಷ ಲೀಟರಿನಿಂದ ಶುರುವಾದ ಕಾವೇರಿ ನೀರು, ಹಂತ ಹಂತವಾಗಿ ಬೆಳೆದು 2012ರ ಹೊತ್ತಿಗೆ ಸುಮಾರು 145 ಕೋಟಿ ಲೀಟರಿಗೆ ಬಂತು. 2024ರ ಅಕ್ಟೋಬರ್ 16ರಂದು ನಮ್ಮ ತೊರೆಕಾಡನಹಳ್ಳಿಯಲ್ಲೇ ಐದನೇ ಹಂತದ ಉದ್ಘಾಟನೆ ನಡೆಯಿತು. ಅದು ಇನ್ನೂ 77 ಕೋಟಿ 50 ಲಕ್ಷ ಲೀಟರ್. ಎಲ್ಲ ಹಂತಗಳೂ ಪೂರ್ತಿ ಓಡಿದರೆ ದಿನಕ್ಕೆ ಸುಮಾರು 222 ಕೋಟಿ ಲೀಟರ್ ಆಯಿತು. ನಮ್ಮ ರೈತರಿಗೆ ತಿಳಿಯುವ ಅಳತೆಯಲ್ಲಿ ಹೇಳುವುದಾದರೆ ವರ್ಷಕ್ಕೆ ಸುಮಾರು 28 ಟಿಎಂಸಿ. ಕನ್ನಂಬಾಡಿ ಕಟ್ಟೆ ಪೂರ್ತಿ 124.80 ಅಡಿ ತುಂಬಿದಾಗ ನಿಲ್ಲುವುದು 49 ಟಿಎಂಸಿ ಚಿಲ್ಲರೆ. ಅದರ ಅರ್ಧಕ್ಕಿಂತ ಜಾಸ್ತಿ!

ಹಾಗಂತ ಕುಡಿಯುವ ನೀರಿಗೆ ಅಡ್ಡ ಬರುವಷ್ಟು ಕಟುಕರಲ್ಲ ಮಂಡ್ಯದ ಜನ. ನಮ್ಮ ಮಕ್ಕಳೇ ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಇದ್ದಾರೆ, ಅದೇ ನೀರು ಕುಡಿಯುತ್ತಾರೆ. ಸುಪ್ರೀಂ ಕೋರ್ಟು ಕೂಡ 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕರ್ನಾಟಕಕ್ಕೆ ಹೆಚ್ಚುವರಿಯಾಗಿ 14.75 ಟಿಎಂಸಿ ಕೊಟ್ಟು, ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ ಎಂದೇ ಹೇಳಿತು. ಅದರಲ್ಲಿ ತಕರಾರಿಲ್ಲ.

ಪ್ರಶ್ನೆ ಇರುವುದು ಬೇರೆ ಕಡೆ. ಬೆಂಗಳೂರಿನಲ್ಲೂ ಎಲ್ಲರ ನಲ್ಲಿ ಒಂದೇ ಅಲ್ಲ. 2007ರಲ್ಲಿ ಪಾಲಿಕೆಗೆ ಸೇರಿಸಿಕೊಂಡ 110 ಹಳ್ಳಿಗಳವರು ಕಾವೇರಿಗಾಗಿ ಐದನೇ ಹಂತದವರೆಗೂ ಬಾಯಿಬಿಟ್ಟುಕೊಂಡು ಕಾದರು, ಟ್ಯಾಂಕರಿಗೆ ದುಡ್ಡು ಸುರಿದರು. ಹಳೇ ಬಡಾವಣೆಗಳಲ್ಲಿ ಅದೇ ನೀರಿನಲ್ಲಿ ಕಾರು ತೊಳೆದರು, ಹುಲ್ಲಿಗೆ ಹಾಕಿದರು. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆಜ್ಞೆ ಹೊರಡಿಸಬೇಕಾಯಿತು. ಅದಕ್ಕೆ ಮುಂಚಿನ 2023ರಲ್ಲಿ ಮಳೆ ಕೈಕೊಟ್ಟು, ಕಟ್ಟೆ ತುಂಬದೆ, ನಮ್ಮ ಕಡೆ ರೈತರು ರಸ್ತೆಯಲ್ಲಿ ಕೂತಿದ್ದರು. ಸೆಪ್ಟೆಂಬರ್ 29ರಂದು ಕರ್ನಾಟಕ ಬಂದ್ ಆಯಿತು. ನಾಲೆಯಲ್ಲಿ ನೀರಿಲ್ಲದ ಬೇಸಿಗೆ ಹೇಗಿರುತ್ತದೆ ಎಂಬುದನ್ನು ಮಂಡ್ಯದ ಅಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ. ಗದ್ದೆ ಒಣಗಿದರೆ ಗಲ್ಲವೂ ಒಣಗುತ್ತದೆ.

ಬೀದಿಗಿಳಿದವರು

ಸಂಜೆ ಐದರ ಮೇಲೆ ಮತ್ತೆ ಕೆರೆದಂಡೆಗೆ ಬಂದರೆ ಜನ ಸೇರುತ್ತಾರೆ. ಇಲ್ಲಿ ಮೆಚ್ಚಬೇಕಾದ ಮಾತೊಂದಿದೆ. 2023ರಲ್ಲಿ ಆಗಿನ ಬಿಬಿಎಂಪಿಯವರು ಸ್ಯಾಂಕಿ ಕೆರೆ ಪಕ್ಕದ ರಸ್ತೆ ಅಗಲ ಮಾಡಿ ಮೇಲ್ಸೇತುವೆ ಕಟ್ಟುತ್ತೇವೆ ಎಂದು ಹೊರಟರು. ಸಾಲು ಮರಗಳು ಉರುಳುವುದರಲ್ಲಿದ್ದವು. ಆಗ ಸುತ್ತಲ ಬಡಾವಣೆಗಳ ಜನ ಸುಮ್ಮನೆ ಕೂರಲಿಲ್ಲ. ಮುದುಕರು, ಹೆಂಗಸರು, ಶಾಲೆ ಮಕ್ಕಳು ಬೋರ್ಡು ಹಿಡಿದು ಬೀದಿಗಿಳಿದರು. ಅವರ ಮೇಲೆ ಪೊಲೀಸು ಕೇಸೂ ಬಿತ್ತು. ಆದರೂ ಹಿಂದೆ ಸರಿಯಲಿಲ್ಲ. ಬಂಗಲೆಯವರಿಗೇನು ಬಿಡಿ, ಕೇಸು ನಡೆಸಲು ವಕೀಲರಿದ್ದಾರೆ ಎನ್ನಬಹುದು. ಇರಲಿ. ಆದರೆ ಅವರು ಕೇಳಿದರು ಎನ್ನುವುದು ಸುಳ್ಳಲ್ಲವಲ್ಲ. ಆ ಕೆರೆಯಿಂದ ಅವರಿಗೆ ಕುಡಿಯಲು ಒಂದು ತಂಬಿಗೆ ನೀರು ಬರುವುದಿಲ್ಲ. ಬರೀ ಗಾಳಿಗೆ, ನೆರಳಿಗೆ ಅಷ್ಟು ಹೋರಾಡಿದರು.

ಧರ್ಮಾಂಬುಧಿಗೆ ಹೀಗೆ ಕೇಳುವವರು ಇರಲಿಲ್ಲ, ಅದರ ಮೇಲೆ ಬಸ್ಸು ನಿಂತಿತು. ಸ್ಯಾಂಕಿ ಕೆರೆಗೆ ಇದ್ದರು, ಅದು ಉಳಿಯಿತು.

ಇನ್ನು ನಮ್ಮ ಕೆರೆಗಳು

ಮಂಡ್ಯದ ಗುತ್ತಲು ಕೆರೆ ಇದೆ, ಮದ್ದೂರು ಕೆರೆ ಇದೆ, ಮಳವಳ್ಳಿಯ ದೊಡ್ಡಕೆರೆ ಇದೆ, ಸೂಳೆಕೆರೆ ಇದೆ. ಇವುಗಳ ಮುಂದೆ ಸ್ಯಾಂಕಿ ಕೆರೆಯ ಹೆಸರುವಾಸಿಯೇ ದೊಡ್ಡದು, ದುಡಿಮೆ ಏನೂ ಇಲ್ಲ. ಮೊನ್ನೆ ಮೊನ್ನೆಯವರೆಗೆ ಊರಿನ ಅನ್ನ ಈ ಕೆರೆಗಳ ತೂಬಿನಿಂದಲೇ ಬರುತ್ತಿತ್ತು. 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಹರಿದ ಮೇಲೆ ನಮಗೂ ಬೆಂಗಳೂರಿನವರ ಬುದ್ಧಿಯೇ ಬಂತು. ನಾಲೆ ಬಂತಲ್ಲ, ಇನ್ನು ಕೆರೆ ಯಾಕೆ ಎಂಬ ಉಡಾಫೆ. ಊರ ಕೆರೆಗೆ ಕೋಳಿ ಅಂಗಡಿ ಪುಕ್ಕ, ಕಟ್ಟಡದ ಮಣ್ಣು, ಮೋರಿ ನೀರು. ಅಂಚಿನಲ್ಲಿ ವರ್ಷಕ್ಕೆ ಒಂದೊಂದು ಗಜ ಒತ್ತುವರಿ. ನೀರು ಕಾಣದಷ್ಟು ಜೊಂಡು, ಕಳೆ. ಯಾವ ಊರು ಎಂದು ಬೆರಳು ತೋರಿಸುವುದು ಬೇಡ. ಓದುವವರಿಗೆ ತಮ್ಮ ಊರಿನದ್ದು ಗೊತ್ತೇ ಇರುತ್ತದೆ.

2025ರಲ್ಲಿ ದೇವರ ದಯೆ, ಜೂನ್ ತಿಂಗಳಲ್ಲೇ ಕನ್ನಂಬಾಡಿ ತುಂಬಿತು, ಮುಖ್ಯಮಂತ್ರಿಗಳು ಬಾಗಿನ ಬಿಟ್ಟರು. ಎಲ್ಲ ವರ್ಷವೂ ಹಾಗಿರುವುದಿಲ್ಲ. ಕಟ್ಟೆ ತುಂಬದ ವರ್ಷ ಬಂದೇ ಬರುತ್ತದೆ. ಆಗ ಕುಡಿಯುವ ನೀರಿಗೆ ಮೊದಲ ಮಣೆ ಎಂದು ತೊರೆಕಾಡನಹಳ್ಳಿ ಪಂಪು ನಿಲ್ಲುವುದಿಲ್ಲ, ನಿಲ್ಲಲೂ ಬಾರದು. ನಿಲ್ಲುವುದು ನಾಲೆ. ಆ ವರ್ಷ ಜಾನುವಾರಿಗೆ, ತೋಟದ ಬೋರಿಗೆ, ಊರಿನ ಬಾವಿಗೆ ಆಸರೆಯಾಗಬೇಕಾದದ್ದು ಇದೇ ಊರ ಕೆರೆ. ಅದನ್ನು ಕಸದ ಗುಂಡಿ ಮಾಡಿಟ್ಟುಕೊಂಡು 'ನಮ್ಮ ನೀರು ಬೆಂಗಳೂರಿಗೆ ಹೋಯ್ತು' ಎಂದು ಅತ್ತರೆ ಅರ್ಧ ಸತ್ಯ ಹೇಳಿದ ಹಾಗೆ.

ಕೆರೆ ಒತ್ತುವರಿ ತಡೆಯಲು 2014ರ ಕಾಯ್ದೆಯೇ ಇದೆ. ಕೆರೆಯ ಎಕರೆ, ಗುಂಟೆ ಎಲ್ಲ ಸರ್ವೆ ನಕ್ಷೆಯಲ್ಲಿ ಬರೆದಿಟ್ಟಿದೆ. ಅಳತೆ ಮಾಡಿಸಿ, ಕಲ್ಲು ನೆಡಿಸಿ ಎಂದು ತಾಲ್ಲೂಕು ಕಚೇರಿಗೆ ಅರ್ಜಿ ಕೊಡಲು ಬಂಗಲೆ ಬೇಕಿಲ್ಲ, ಬಿಳಿ ಬೂಟೂ ಬೇಕಿಲ್ಲ. ಪೇಟೆಬೀದಿಯ ಹತ್ತು ಅಂಗಡಿಯವರು ರುಜು ಹಾಕಿ ಒಟ್ಟಿಗೆ ಹೋದರೆ ಸಾಕು, ತಹಸೀಲ್ದಾರರು ಎದ್ದು ಕೂರಿಸಿ ಮಾತಾಡಿಸುತ್ತಾರೆ. ಪುರಸಭೆ ಕಸದ ಲಾರಿ ಕೆರೆ ಏರಿ ಹತ್ತಿದ ದಿನ ನಾಲ್ಕು ಜನ ಅಡ್ಡ ನಿಂತು 'ಯಾಕ್ರಪ್ಪಾ?' ಎಂದರೆ ಮಾರನೆಯ ದಿನ ಆ ಲಾರಿ ಬೇರೆ ದಾರಿ ಹುಡುಕುತ್ತದೆ.

ಸದಾಶಿವನಗರದಿಂದ ಮಂಡ್ಯಕ್ಕೆ ತರಬೇಕಾದ ಸಾಮಾನು ಇದೊಂದೇ. ಬಸ್ಸಿನಲ್ಲಿ ಲಗೇಜು ಚಾರ್ಜು ಕೇಳುವುದಿಲ್ಲ.